ಹಳದಿ ಕಂಡ ವಿಭೂತಿ

ರೊಟ್ಟಿ ಬಡಿಯುತ್ತಿದ್ದ ನಮ್ಮ ಅತ್ತೆ ಕೈ ನಿಲ್ಲಿಸಿ ಎದೆ ಹಿಡಿದುಕೊಂಡರು.

"ಗಿರಿಜಾ, ಎದಿಯಾಗ ಮಿಲ್ಲಿನ ಬೆಲ್ಟ್ ಜಾರಿದಂಗ ಆತು ನೋಡು."

ಕಂಪ್ಲಿಯಲ್ಲಿ ನಮ್ಮದು ರೈಸ್ ಮಿಲ್ಲು. ಕಾಲುವೆ ನೀರು ಬಂದು ಗದ್ದೆಗಳು ಹೆಚ್ಚಾದ ಮೇಲೆ ಮಾವನವರು ಕಟ್ಟಿಸಿದ್ದು. ಬೆಲ್ಟ್ ಜಾರಿದರೆ ಯಂತ್ರ ಒಮ್ಮೆ ಓಡುತ್ತದೆ, ಒಮ್ಮೆ ತಡವರಿಸುತ್ತದೆ. ಅತ್ತೆ ಸರಿಯಾಗಿಯೇ ಹೇಳಿದ್ದರು. ನಾನು ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕೊಟ್ಟೆ.

ಆಮೇಲೆ ಮರೆವು ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು. ಒಲೆಯ ಮೇಲಿನ ಹಾಲು ಉಕ್ಕಿದರೂ ಅದನ್ನೇ ನೋಡುತ್ತ ಕೂತಿರುತ್ತಿದ್ದರು. ವಯಸ್ಸಾಯಿತು ಎಂದೆವು. ಒಂದು ದಿನ ಬುತ್ತಿ ಕಟ್ಟಿಟ್ಟು, ನಿಮ್ಮ ಮಾವನಿಗೆ ಕಳಿಸು ಎಂದರು.

ಮಾವನವರು ತೀರಿಹೋಗಿ ವರ್ಷಗಳಾಗಿದ್ದವು.

ಮರುದಿನವೇ ಹೊಸಪೇಟೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ಗಡಿಯಾರ ನೋಡುತ್ತ ನಾಡಿ ಎಣಿಸಿದರು. ಇಸಿಜಿ ತೆಗೆಸಿದರು. "ಎದೆ ಬಡಿತ ಒಂದೇ ಸಮ ಇಲ್ರಿ. ಹಿಂಗಾದ್ರ ತಲಿಗೂ ರಕ್ತ ಸರಿಯಾಗಿ ಹೋಗೂದಿಲ್ಲ. ಮರೆವು ಬರೇ ವಯಸ್ಸಿಂದು ಅಂತ ತಿಳ್ಕಾಬ್ಯಾಡ್ರಿ," ಎಂದರು. ದಿನಕ್ಕೆ ಒಂದು ಗುಳಿಗೆ ಬರೆದುಕೊಟ್ಟರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅತ್ತೆಯ ಮಣಿಕಟ್ಟು ನನ್ನ ಕೈಯಲ್ಲಿತ್ತು. ಎದೆಗೂ ತಲೆಗೂ ಇಂಥ ನಂಟಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಗುಳಿಗೆ ಮರೆಯಬಾರದೆಂದು ಅತ್ತೆಯೇ ಉಪಾಯ ಮಾಡಿದರು. ಗುಳಿಗೆಯ ಸ್ಟ್ರಿಪ್ಪನ್ನು ವಿಭೂತಿ ಡಬ್ಬಿಯ ಪಕ್ಕ ಇಟ್ಟರು. ಲಿಂಗಪೂಜೆ ಆಯಿತೆಂದರೆ ಗುಳಿಗೆ, ಆಮೇಲೆ ಊಟ. ಪೂಜೆ ಮಾಡದೆ ಒಂದು ತುತ್ತೂ ಮುಟ್ಟದ ಹೆಂಗಸು. ಮನೆಯವರೆಲ್ಲ ಮೆಚ್ಚಿದೆವು. ಕೆಲವು ದಿನ ಮಧ್ಯಾಹ್ನವೂ ಮೈ ತೊಳೆದು ಪೂಜೆಗೆ ಕೂರತೊಡಗಿದರು. ಕಾಯಿಲೆ ಬಂದ ಮೇಲೆ ಭಕ್ತಿ ಹೆಚ್ಚಾಗಿದೆ ಎಂದುಕೊಂಡು ನಾನೇ ನೀರು ಕಾಯಿಸಿ ಕೊಡುತ್ತಿದ್ದೆ.

ಕೆಲವು ವಾರ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅತ್ತೆ ವಿಭೂತಿ ಗಟ್ಟಿಯನ್ನು ದೂರ ಸರಿಸಿ ಸಿಟ್ಟಾದರು.

"ವಿಭೂತಿ ಕೊಡು ಅಂದ್ರ ಭಂಡಾರ ಕೊಟ್ಟೀಯಲ್ಲ. ಅರಿಷಿಣ ಹಣಿಗೆ ಹಚ್ಚಿ ನನ್ನನ್ನ ಮೈಲಾರಕ್ಕ ಕಳಸ್ತೀಯೇನ?"

ಮೈಲಾರ ಜಾತ್ರೆಗೆ ಹೋಗುವವರು ಹಣೆತುಂಬ ಭಂಡಾರದ ಅರಿಷಿಣ ಬಳಿದುಕೊಳ್ಳುತ್ತಾರೆ. ನನ್ನ ಮೈದುನ ನಕ್ಕುಬಿಟ್ಟ. ನನಗೂ ನಗು ಬಂತು. ಮಧ್ಯಾಹ್ನ ಅನ್ನ ಹಳದಿ ಎಂದರು, ಹಾಲೂ ಹಳದಿ ಎಂದರು. ತಿಂದದ್ದೆಲ್ಲ ವಾಂತಿಯಾಯಿತು. ತಲೆ ಪೂರ್ತಿ ಕೆಟ್ಟಿತು ಎಂದು ಹೆದರಿ ಅತ್ತೆಯ ಬಾಯಿ ಒರೆಸುತ್ತಿದ್ದೆ. ನನ್ನ ಮುಖವನ್ನೇ ನೋಡಿ ಕೇಳಿದರು.

"ಯಾರ ಮನಿ ಹೆಣ್ಮಗಳವ್ವಾ ನೀ?"

"ನಿಮ್ಮ ಸೊಸಿ ರೀ, ಗಿರಿಜಾ," ಎಂದೆ.

ಬಾಡಿಗೆ ಕಾರು ಮಾಡಿಕೊಂಡು ಹೊಸಪೇಟೆಗೆ ಓಡಿದೆವು. ಅಡ್ಮಿಟ್ ಮಾಡಿಕೊಂಡರು. ಹಳದಿಯ ಮಾತು ಕೇಳಿದ ಕೂಡಲೇ ಡಾಕ್ಟರ್ ತಿರುಗಿ ನಿಂತರು.

"ಗುಳಿಗಿ ದಿನಕ್ಕ ಎಷ್ಟು ಕೊಡ್ತೀರವ್ವಾ?"

"ಒಂದ ರೀ. ಪೂಜಿ ಆದ ಮ್ಯಾಲ."

ಹಾಗೆನ್ನುತ್ತಲೇ ನನಗೆ ಹೊಳೆಯಿತು. ಮಧ್ಯಾಹ್ನದ ಪೂಜೆ ಭಕ್ತಿಗಲ್ಲ. ಬೆಳಿಗ್ಗೆ ಮಾಡಿದ್ದನ್ನು ಮರೆತು ಮಾಡಿದ್ದು. ಪೂಜೆ ಎರಡಾದ ದಿನ ಗುಳಿಗೆಯೂ ಎರಡಾಗಿದೆ. ಆ ಗುಳಿಗೆ ಹೆಚ್ಚಾದರೆ ಕಣ್ಣಿಗೆ ಹಳದಿ ಕಾಣುತ್ತದೆ, ಬುದ್ಧಿಯೂ ಕಲಕುತ್ತದೆ ಎಂದರು ಡಾಕ್ಟರ್. ಗುಳಿಗೆ ನಿಲ್ಲಿಸಿದರು. ಅತ್ತೆಯ ಎದೆಗೆ ಅಂಟಿಸಿದ್ದ ವೈರುಗಳನ್ನು ನೋಡುತ್ತ ನಾನು ಪಂಚಾಕ್ಷರಿ ಜಪಿಸಿದೆ. ಅದೂ ನಡುನಡುವೆ ತಪ್ಪುತ್ತಿತ್ತು. ಹಿರಿಯ ಜೀವ ಉಳಿಯಲಿ ಎಂದು ಬೇಡಿಕೊಂಡೆ. ಆಮೇಲೆ ಆಸೆ ಬೆಳೆಯಿತು, ಅವರಿಗೆ ನನ್ನ ಗುರುತೂ ಉಳಿಯಲಿ ಎಂದೆ.

ಕೆಲವು ದಿನಕ್ಕೆ ಕಣ್ಣು ತಿಳಿಯಾಯಿತು. "ಗಿರಿಜಾ, ವಿಭೂತಿ ತಂದೀಯೇನ?" ಎಂದರು. ತಂದಿದ್ದೆ. ಬೆಳ್ಳಗೆ ಕಂಡಿತಂತೆ. ಶಿವನ ದಯೆ, ಡಾಕ್ಟರರ ದಯೆ.

ಗುಳಿಗೆಯ ಪ್ರಮಾಣ ಕಡಿಮೆ ಮಾಡಿ ಮತ್ತೆ ಕೊಟ್ಟಿದ್ದಾರೆ. ಸ್ಟ್ರಿಪ್ ಈಗ ನನ್ನ ಬೀರುವಿನೊಳಗೆ, ಕೀಲಿ ನನ್ನ ಸೊಂಟದಲ್ಲಿ. ಬಡಿತ ಹದದಲ್ಲಿದ್ದರೆ ಇದ್ದಷ್ಟು ನೆನಪಾದರೂ ಉಳಿದೀತು, ಹೋದದ್ದೆಲ್ಲ ಬರಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರ್. ಅಡುಗೆ ನಡುವೆಯೇ ಹೋಗಿ ಅತ್ತೆಯ ನಾಡಿ ಮುಟ್ಟಿ ಬರುತ್ತೇನೆ.

ಮಧ್ಯಾಹ್ನವಾದರೆ ಕೇಳುತ್ತಾರೆ, "ಪೂಜಿ ಆತೇನ ನಂದು?"

"ಆಗೇತ್ರಿ ಅತ್ತಿ. ಹಣಿ ಮುಟ್ಟಿ ನೋಡ್ಕೊರ್ರಿ."

ನಂಬದಿದ್ದರೆ ವಾದ ಮಾಡುವುದಿಲ್ಲ, ನೀರು ಕಾಯಿಸುತ್ತೇನೆ. ಶಿವನಿಗೆ ಎರಡು ಸಲ ಪೂಜೆಯಾದರೆ ತೊಂದರೆ ಇಲ್ಲ. ಪೂಜೆ ಮುಗಿಸಿ, ಬೆರಳಲ್ಲಿ ಉಳಿದ ವಿಭೂತಿಯನ್ನು ನನ್ನ ಹಣೆಗೆ ಹಚ್ಚುತ್ತಾರೆ. ಕೆಲವು ದಿನ ಗಿರಿಜಾ ಎನ್ನುತ್ತಾರೆ. ಕೆಲವು ದಿನ ಬರೀ ಅವ್ವಾ.

ಎರಡಕ್ಕೂ ಓ ಎನ್ನುತ್ತೇನೆ.