ಬಾಯಿ ತುಂಬ ಎಲೆಅಡಿಕೆ

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ನಲ್ಲಿಗೂ ನಮಗೂ ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸು ಇದ್ದರು. ಬಾಯಿ ಬೊಂಬಾಯಿ. ಎದುರಿಗಿದ್ದವರ ಮೊಣಕೈ ಹಿಡಿದು, "ಯಾರಿಗೂ ಹೇಳ್ಬೇಡಿ, ನಿಮಗೆ ಮಾತ್ರ ಹೇಳ್ತಿದೀನಿ" ಎಂದು ಶುರು ಮಾಡುವರು. ಕೊಡ ತುಂಬುವುದರೊಳಗೆ ಅದನ್ನೇ ಇನ್ನೂ ನಾಲ್ಕು ಜನಕ್ಕೆ ಹೇಳಿರುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ಅಕ್ಕನಿಗೆ ಗೊತ್ತಾಗಿದ್ದ ಮದುವೆ ಒಮ್ಮೆ ಮುರಿದಿತ್ತು. ಮತ್ತೆ ಹೆಣ್ಣು ನೋಡಲು ಬಂದವರಿಗೆ ಅಪ್ಪ ಅದನ್ನು ತಿಳಿಸಿರಲಿಲ್ಲ. ಆ ದಿನ ಈ ಪಕ್ಕದ ಮನೆಯವರನ್ನು ಕರೆಯದೆ ಬಿಡುವಂತಿರಲಿಲ್ಲ. ಬಿಟ್ಟರೆ ಅದೇ ಒಂದು ಸುದ್ದಿ. ಗಂಡಿನ ತಾಯಿ ನೇರವಾಗಿ ಇವರನ್ನೇ ಕೇಳಿದರು: "ನೀವು ಪಕ್ಕದ್ಮನೆಯವರಲ್ವಾ, ಹೇಳಿ, ಹುಡುಗಿ ಹೇಗೆ?"

ಅಮ್ಮ ಬಿಳಿಚಿಕೊಂಡಳು.

ಅವರು ಉಬ್ಬಿದ ಕೆನ್ನೆ ತೋರಿಸಿದರು. ಬಾಯಿ ತುಂಬ ಎಲೆಅಡಿಕೆ. ಅಕ್ಕನ ದೃಷ್ಟಿ ತೆಗೆದು ಲಟಿಕೆ ಮುರಿದರು, ಅಷ್ಟೆ.

ಬಂದವರು ಒಪ್ಪಿ ಹೊರಟ ಮೇಲೆ ಚರಂಡಿಗೆ ಉಗಿದು ಬಂದರು. "ಉಸ್ಸಪ್ಪಾ! ಬಾಯಿ ಖಾಲಿ ಇದ್ದಿದ್ರೆ ಎಲ್ಲಾ ಬಂದ್ಬಿಡ್ತಿತ್ತು ಕಣೇ. ಅದಕ್ಕೇ ಮನೆಯಿಂದ್ಲೇ ತುಂಬ್ಕೊಂಡು ಬಂದೆ."

ಅಮ್ಮ ಅವರ ಕೈ ಹಿಡಿದು ಅಳುತ್ತಲೇ ನಕ್ಕಳು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಅದೇ ದನಿ: "ಯಾರಿಗೂ ಹೇಳ್ಬೇಡಿ, ನಿನ್ನೆ ನಾನು ಬಾಯೇ ಬಿಡ್ಲಿಲ್ಲ!"