ಬಸ್ಯಾನ ಹೊಟ್ಟೆಗೆ ರೇಸಿನ ಪೆಟ್ರೋಲು

ಹುಲಿಗೆಪ್ಪನಿಗೆ ನಲವತ್ತೇಳು ವರ್ಷ, ಅವನ ಬೈಕಿಗೆ ಇಪ್ಪತ್ತಾರು. ಇಬ್ಬರಲ್ಲಿ ಯಾರು ಮೊದಲು ಕೈ ಕೊಡುತ್ತಾರೆ ಎಂದು ನಮ್ಮ ಚಾಳಿನಲ್ಲಿ ಆಗಾಗ ಚರ್ಚೆಯಾಗುತ್ತದೆ. ಚರ್ಚೆಯಲ್ಲಿ ಹುಲಿಗೆಪ್ಪನೂ ಕೂತಿರುತ್ತಾನೆ, ಯಾವಾಗಲೂ ಬೈಕಿನ ಪರವಾಗಿಯೇ ಮಾತಾಡುತ್ತಾನೆ.

ನಮ್ಮ ಚಾಳು ಗೋವೆಯ ಕುಂಕಳ್ಳಿಯ ಕಾರ್ಖಾನೆಗಳ ಹಿಂದೆ ಇದೆ. ಹನ್ನೊಂದು ಖೋಲಿ, ಎರಡು ನಳ. ಹುಲಿಗೆಪ್ಪ ಮುದ್ದೇಬಿಹಾಳದ ಕಡೆಯ ಗೌಂಡಿ. ಅವನ ಹೆಂಡತಿ ಸಾವಂತ್ರೆವ್ವ ನಸುಕಿನಲ್ಲಿ ಎದ್ದು ಜೋಳದ ರೊಟ್ಟಿ ಬಡಿಯುತ್ತಾಳೆ. ಕೆಪೆಯಲ್ಲಿ ಕಟ್ಟಡದ ಕೆಲಸ ಮಾಡುವ ನಮ್ಮ ಕಡೆಯ ಮಂದಿಗೆ ಇಲ್ಲಿನ ಪಾವು ಬ್ರೆಡ್ಡು ತಿಂದರೆ ಹೊಟ್ಟೆ ತುಂಬಿದ ಹಾಗೆ ಅನಿಸುವುದಿಲ್ಲ. ಅವರಿಗಾಗಿ ರೊಟ್ಟಿ, ಒಂದು ಪಲ್ಯ, ಚಟ್ನಿಪುಡಿಯಂಥ ಶೇಂಗಾ ಹಿಂಡಿ ಬುಟ್ಟಿಯಲ್ಲಿ ಕಟ್ಟಿಕೊಂಡು ಗಂಡ ಹೆಂಡತಿ ದಿನಾ ಬೆಳಗ್ಗೆ ಬೈಕಿನಲ್ಲಿ ಹೊರಡುತ್ತಾರೆ. ಅವಳು ಅಲ್ಲಿ ರೊಟ್ಟಿ ಹಂಚಿ ಬಸ್ಸಿನಲ್ಲಿ ವಾಪಸು ಬರುತ್ತಾಳೆ. ಅವನು ಅದೇ ಕಟ್ಟಡದ ಗೋಡೆ ಕಟ್ಟುತ್ತಾನೆ.

ಬೈಕಿನ ಹೆಸರು ಬಸ್ಯಾ. ಗೋವೆಗೆ ಬಂದ ಮೇಲೆ ಹುಲಿಗೆಪ್ಪ ತನ್ನದೆಂದು ಕೊಂಡ ಮೊದಲ ವಸ್ತು ಅದು. ಮದುವೆಯಾಗಿ ಹೆಂಡತಿಯನ್ನು ಊರಿನಿಂದ ಕರೆತಂದದ್ದೂ ಅದರ ಮೇಲೆಯೇ. ಆಗ ಬಸ್ಯಾ ಚೆನ್ನಾಗಿ ಓಡುತ್ತಿತ್ತು ಎಂದು ಅವನು ಹೇಳುತ್ತಾನೆ. ಸಾವಂತ್ರೆವ್ವನನ್ನು ಕೇಳಿದೆವು. ಆಗಲೂ ಧಾರವಾಡದ ಹತ್ತಿರ ಅರ್ಧ ದಿನ ನಿಂತಿತ್ತು ಎಂದಳು.

ಕೆಪೆಯ ದಾರಿಯಲ್ಲಿ ಒಂದು ಏರು ಇದೆ. ಅದರ ತುದಿಯಲ್ಲಿ ಬಿಳಿ ಸುಣ್ಣ ಬಳಿದ ಶಿಲುಬೆ, ಪಕ್ಕದಲ್ಲಿ ಕೂರಲು ಒಂದು ಕಟ್ಟೆ. ಏರಿನ ಬುಡ ಬಂದ ಕೂಡಲೇ ಬಸ್ಯಾ ಕೆಮ್ಮುತ್ತದೆ. ಸಾವಂತ್ರೆವ್ವ ಏನೂ ಹೇಳದೆ ಇಳಿಯುತ್ತಾಳೆ. ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ನಡೆಯುತ್ತಾಳೆ. ಹುಲಿಗೆಪ್ಪ ಒಬ್ಬನೇ ಬೈಕಿನಲ್ಲಿ ಮೇಲೆ ಹೋಗಿ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಾನೆ. ಅವಳು ಬೆವರು ಒರೆಸಿಕೊಳ್ಳುತ್ತ ಬಂದು ಮುಟ್ಟಿದಾಗ ದಿನಾ ಒಂದೇ ಮಾತು ಹೇಳುತ್ತಾನೆ:

"ಭಾಳ ಹೊತ್ತ ಮಾಡಿದಿ ನೋಡು."

ಹದಿನಾಲ್ಕು ವರ್ಷ ಹೀಗೇ ನಡೆಯಿತು. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಇಬ್ಬರಿಗೂ ಅನಿಸಿರಲಿಲ್ಲ. ಹೋದ ವರ್ಷ ಕೆಪೆಯಲ್ಲಿ ರೊಟ್ಟಿ ತಿನ್ನುತ್ತಿದ್ದ ಒಬ್ಬ ಹುಡುಗ, "ಅಕ್ಕಾ, ನೀವು ಗಾಡಿ ಮ್ಯಾಲೆ ಬರ್ತೀರೋ, ಗಾಡಿ ಬೆನ್ನತ್ತಿ ಬರ್ತೀರೋ?" ಎಂದು ಕೇಳಿದ. ಎಲ್ಲರೂ ನಕ್ಕರು. ಸಾವಂತ್ರೆವ್ವ ಅವನಿಗೆ ಆ ದಿನ ಹಿಂಡಿ ಹಾಕಲಿಲ್ಲ. ಆದರೆ ಆ ಮಾತನ್ನು ಮನೆಗೆ ತಂದಳು.

"ಕೇಳ್ರಿ ಇಲ್ಲಿ. ಬಸ್ಯಾ ನನ್ನ ಕೂಡಿಸ್ಕೊಂಡು ಆ ಏರು ಹತ್ತಬೇಕು. ಹತ್ತಲಿಲ್ಲ ಅಂದ್ರ ಹಳೇ ಕಬ್ಬಿಣ ತಗೊಳ್ಳೂ ಭಂಗಾರದ ಲಚ್ಚಪ್ಪಗ ಕೊಟ್ಟು ಬಿಡೂದು. ಸೋಮವಾರ ಸಂಜಿಗೆ ಬಾ ಅಂತ ಅವಗ ಹೇಳೇನಿ."

"ಬಸ್ಯಾನ್ನ ಭಂಗಾರಕ್ಕ ಹಾಕತಿ?"

"ನಿಮ್ಮನ್ನೂ ತಗೋತಿ ಏನ ಅಂತ ಕೇಳಿದ್ನಿ. ಕಬ್ಬಿಣ ಇದ್ರ ಅಷ್ಟ ತಗೋತೇನಿ ಅಂದ."

ಹುಲಿಗೆಪ್ಪನಿಗೆ ಆ ರಾತ್ರಿ ಊಟ ಸೇರಲಿಲ್ಲ. ಎರಡು ರೊಟ್ಟಿ ಕಡಿಮೆ ತಿಂದ. ಅಂದರೆ ಐದು ತಿಂದ.

ಅದೇ ವಾರ ಮಡಗಾಂವಿನ ಆಚೆ ಒಂದು ಮೈದಾನದಲ್ಲಿ ಬೈಕುಗಳ ರೇಸು ನಡೆಯುವುದಿತ್ತು. ಮಣ್ಣಿನ ದಿಬ್ಬಗಳ ಮೇಲಿಂದ ಹಾರುವ ರೇಸು. ಆ ದಿಬ್ಬಗಳನ್ನು ಮಾಡಲು ಆಳುಗಳು ಬೇಕಾಗಿದ್ದರಿಂದ ಹುಲಿಗೆಪ್ಪ ನಾಲ್ಕು ದಿನ ಅಲ್ಲಿ ಕೆಲಸ ಮಾಡಿದ. ಶನಿವಾರ ರೇಸು ಮುಗಿಯಿತು. ಪುಣೆಯಿಂದ ಬಂದಿದ್ದ ಸವಾರನೊಬ್ಬ ಮೊದಲ ಸುತ್ತಿನಲ್ಲೇ ಬಿದ್ದು ಕೈ ಮುರಿದುಕೊಂಡಿದ್ದ. ಅವನ ಪೆಟ್ರೋಲು ಹಾಗೇ ಉಳಿದಿತ್ತು. ತೆರೆದ ಡಬ್ಬಿಯನ್ನು ಮತ್ತೆ ಪುಣೆಗೆ ಒಯ್ಯುವುದು ಬೇಡವೆಂದು ಅವನ ಕಡೆಯವರು ಅದನ್ನು ಹುಲಿಗೆಪ್ಪನಿಗೆ ಕೊಟ್ಟರು. ಐದು ಲೀಟರು. ಬಣ್ಣ ನೀಲಿ. ಡಬ್ಬಿಯ ಮೇಲೆ ದೊಡ್ಡದಾಗಿ ಆಕ್ಟೇನ್ ನೂರಹತ್ತು ಎಂದು ಬರೆದಿತ್ತು.

ಭಾನುವಾರ ಬೆಳಗ್ಗೆ ಚಾಳಿನವರೆಲ್ಲ ಡಬ್ಬಿ ನೋಡಲು ಬಂದರು. ಮೂಸಿದರು. ಸಿಹಿ ವಾಸನೆ ಎಂದರು. ಪಕ್ಕದ ಖೋಲಿಯ ಖೇಮಪ್ಪ ಒಂದು ಮುಚ್ಚಳ ಬೇಡಿ ಒಯ್ದು ನೋಯುವ ಮೊಣಕಾಲಿಗೆ ತಿಕ್ಕಿಕೊಂಡ. ಚರ್ಮ ಉರಿದು ಕೆಂಪಾಯಿತು. ಆಮೇಲೆ ಎರಡು ದಿನ ಅವನು ಕುಂಟಿದ. ಮೊದಲೂ ಕುಂಟುತ್ತಿದ್ದ, ಈಗ ಸ್ವಲ್ಪ ವೇಗವಾಗಿ ಕುಂಟಿದ.

ಮೆಕ್ಯಾನಿಕ್ ಮುಜಫ್ಫರನ ಗ್ಯಾರೇಜು ಚಾಳಿನ ಮೂಲೆಯಲ್ಲಿದೆ. ಹಾವೇರಿಯವನು. ಬಸ್ಯಾನನ್ನು ಇಷ್ಟು ವರ್ಷ ಬದುಕಿಸಿದವನು ಅವನೇ, ಹಾಗಾಗಿ ಸಾವಂತ್ರೆವ್ವನಿಗೆ ಅವನ ಮೇಲೂ ಸ್ವಲ್ಪ ಸಿಟ್ಟಿದೆ. ಅವನು ಡಬ್ಬಿಯನ್ನು ತಿರುಗಿಸಿ ನೋಡಿ ಕೆಳಗಿಟ್ಟ.

"ಬ್ಯಾಡ, ಹುಲಿಗೆಪ್ಪಣ್ಣ. ಇದರಿಂದ ಏನೂ ಆಗೂದಿಲ್ಲ."

"ನೂರಹತ್ತ ಐತಿ. ಪಂಪಿಂದು ತೊಂಬತ್ತ ಚಿಲ್ಲರ ಅಂತ ನೀನ ಹೇಳಿದ್ದಿ. ಹತ್ತಿಪ್ಪತ್ತು ಜೋರ ಹೆಚ್ಚಾತಲ್ಲ?"

"ಅದು ಜೋರಿನ ಲೆಕ್ಕ ಅಲ್ಲ. ತಾಳ್ಮಿ ಲೆಕ್ಕ."

"ಪೆಟ್ರೋಲಿಗೆ ಯಾಕ ಬೇಕೋ ತಾಳ್ಮಿ?"

"ರೇಸಿನ ಇಂಜಿನ್ ಒಳಗ ಪೆಟ್ರೋಲನ್ನ ಭಾಳ ಒತ್ತತೈತಿ. ಸಾದಾ ಪೆಟ್ರೋಲಾದ್ರ ಆ ಒತ್ತಡಕ್ಕ ಕಿಡಿ ಬೀಳೋಕಿಂತ ಮೊದಲ ಹತ್ತಿಕೊಂಡ ಬಿಡತೈತಿ. ಇಂಜಿನ್ ಟಕಟಕ ಬಡಕೋತೈತಿ. ಇದು ಹಂಗಲ್ಲ. ಎಷ್ಟ ಒತ್ತಿದ್ರೂ ಕಿಡಿ ಬೀಳೂತನಾ ಸುಮ್ನ ಇರತೈತಿ. ನಿನ್ನ ಬಸ್ಯಾ ಒಳಗ ಒತ್ತಡ ಎಲ್ಲೈತಿ? ಅದಕ್ಕ ಪಂಪಿಂದ ಹೆಚ್ಚು."

ನಳದ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಸಾವಂತ್ರೆವ್ವ ತಲೆ ಎತ್ತದೆ ಹೇಳಿದಳು: "ಹಂಗಾರ ನನ್ನ ಹೊಟ್ಟ್ಯಾಗ ಅದ ಇರಬೇಕು ನೋಡು, ಮುಜಫ್ಫರ. ಹದಿನಾಲ್ಕ ವರ್ಷಾತು, ಇನ್ನೂ ಹತ್ತಿಕೊಂಡಿಲ್ಲ."

ಹುಲಿಗೆಪ್ಪ ಯಾರ ಮಾತನ್ನೂ ಕೇಳಲಿಲ್ಲ. ಅವತ್ತು ಅಮಾವಾಸ್ಯೆ ಬೇರೆ. ನಮ್ಮ ಕಡೆಯವರು ಅಮಾವಾಸ್ಯೆಗೆ ಗಾಡಿಗಳಿಗೆ ಪೂಜೆ ಮಾಡುತ್ತಾರೆ. ಅವನು ಟ್ಯಾಂಕಿನಲ್ಲಿದ್ದ ಸಾದಾ ಪೆಟ್ರೋಲನ್ನೆಲ್ಲ ಇಳಿಸಿ ನೀಲಿ ಪೆಟ್ರೋಲು ತುಂಬಿದ. ಬಸ್ಯಾನಿಗೆ ನೀರು ಹಾಕಿ, ವಿಭೂತಿ ಬಳಿದು, ಚೆಂಡು ಹೂವಿನ ಹಾರ ಕಟ್ಟಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಕರ್ಪೂರ ಹಚ್ಚುವಷ್ಟರಲ್ಲಿ ಮುಜಫ್ಫರ ಓಡಿ ಬಂದು ಕಡ್ಡಿಪೆಟ್ಟಿಗೆ ಕಿತ್ತುಕೊಂಡ. ಕೊನೆಗೆ ಆರತಿಯನ್ನು ನಳದ ಆಚೆ ನಿಂತು, ಹದಿನೈದು ಹೆಜ್ಜೆ ದೂರದಿಂದ ಬೆಳಗಿದರು. ಅಷ್ಟು ದೂರದ ಆರತಿ ದೇವರಿಗೆ ಮುಟ್ಟುತ್ತದೋ ಇಲ್ಲವೋ ಎಂದು ಖೇಮಪ್ಪ ಕೇಳಿದ.

ಸೋಮವಾರ ಬೆಳಗ್ಗೆ ಏಳಕ್ಕೆ ಹೊರಟರು. ಮುಂದೆ ಹುಲಿಗೆಪ್ಪ, ಹಿಂದೆ ಸಾವಂತ್ರೆವ್ವ, ಅವಳ ತೊಡೆಯ ಮೇಲೆ ರೊಟ್ಟಿಯ ಬುಟ್ಟಿ. ಸಾಕ್ಷಿಗೆಂದು ಮುಜಫ್ಫರ ತನ್ನ ಸ್ಕೂಟರಿನಲ್ಲಿ ಹಿಂದೆ ಬಂದ. ಸಾಮಾನಿನ ಪೆಟ್ಟಿಗೆಯನ್ನೂ ತಂದಿದ್ದ. ಬಸ್ಯಾನ ಜೊತೆ ಹೋಗುವಾಗ ಅವನು ಪೆಟ್ಟಿಗೆ ಬಿಟ್ಟು ಹೋಗುವುದಿಲ್ಲ.

ಸಪಾಟು ದಾರಿಯಲ್ಲಿ ಹುಲಿಗೆಪ್ಪ ರೇಸಿನವರ ಹಾಗೆ ಹೊಟ್ಟೆಯನ್ನು ಟ್ಯಾಂಕಿಗೆ ಒತ್ತಿ ಬಗ್ಗಿ ಕೂತ.

"ಹಾರಾಕತ್ತೇತಿ ನೋಡು. ಗಾಳಿ ಹೆಂಗ ಬಡ್ಯಾಕತ್ತೇತಿ."

"ನೀವು ಬಗ್ಗೀರಲ್ಲ, ಅದಕ್ಕ ನನಗ ಬಡ್ಯಾಕತ್ತೇತಿ. ಇಷ್ಟ ದಿನ ನೀವ ಅಡ್ಡ ಇದ್ರಿ."

ಬಸ್ಯಾನ ಮೀಟರು ಸತ್ತು ಬಹಳ ವರ್ಷವಾಗಿದೆ. ಮುಜಫ್ಫರನ ಸ್ಕೂಟರಿನ ಮೀಟರು ಮೂವತ್ತೆರಡು ತೋರಿಸುತ್ತಿತ್ತು. ಬಸ್ಯಾನ ಹಿಂದೆ ಹೋದಾಗಲೆಲ್ಲ ಅದು ಮೂವತ್ತೆರಡೇ ತೋರಿಸುತ್ತದೆ.

ಏರಿನ ಬುಡ ಬಂತು. ಬಸ್ಯಾ ಕೆಮ್ಮಿತು. ಅಭ್ಯಾಸದಂತೆ ಸಾವಂತ್ರೆವ್ವನ ಒಂದು ಕಾಲು ಕೆಳಗಿಳಿಯಿತು. ಅವಳು ಅದನ್ನು ಮತ್ತೆ ಮೇಲೆ ಎಳೆದುಕೊಂಡಳು. ಬೈಕು ಮೂವತ್ತು ಮಾರು ಹತ್ತಿತು, ನಲವತ್ತು ಮಾರು ಹತ್ತಿತು. ಆಗ ಸಾವಂತ್ರೆವ್ವನ ಪಾದಕ್ಕೆ ತಣ್ಣಗೆ ಏನೋ ತಾಗಿತು.

"ರೀ, ನಿಮ್ಮ ಬಸ್ಯಾ ಉಚ್ಚಿ ಹೊಯ್ಯಾಕತ್ತೇತಿ."

ಟ್ಯಾಂಕಿನ ತಳದಿಂದ ನೀಲಿ ಪೆಟ್ರೋಲು ಸುರಿಯುತ್ತಿತ್ತು. ಹಿಂದಿನಿಂದ ಮುಜಫ್ಫರ ಕೂಗಿದ. ಹುಲಿಗೆಪ್ಪ ಕೀಲಿ ಆರಿಸಿದ. ಎಲ್ಲರೂ ಇಳಿದು ಬೈಕನ್ನು ದಾರಿಯ ಅಂಚಿಗೆ ತಳ್ಳಿ ದೂರ ನಿಂತರು. ಟ್ಯಾಂಕು ಖಾಲಿಯಾಗುವವರೆಗೆ ಯಾರೂ ಹತ್ತಿರ ಹೋಗಲಿಲ್ಲ. ಆಮೇಲೆ ಮುಜಫ್ಫರ ಅದರ ಮೇಲೆಲ್ಲ ಮಣ್ಣು ಎರಚಿದ, ಇಂಜಿನ್ ತಣ್ಣಗಾಗಲು ಬಿಟ್ಟ, ಬಗ್ಗಿ ನೋಡಿದ, ಮತ್ತು ಹಣೆ ಹಣೆ ಬಡಿದುಕೊಂಡ.

ಟ್ಯಾಂಕಿನ ತಳದಲ್ಲಿ ಹಳೆಯ ತೂತೊಂದಿತ್ತು. ಬೆಸುಗೆ ಹಾಕಿದರೆ ತುಕ್ಕು ಹಿಡಿದ ತಗಡು ಪೂರ್ತಿ ಹೋಗುತ್ತದೆಂದು ಮುಜಫ್ಫರನೇ ಅದಕ್ಕೆ ಬಟ್ಟೆ ಸಾಬೂನು ಮೆತ್ತಿದ್ದ. ನಮ್ಮ ಓಣಿಯ ಹಳೆಯ ಗಾಡಿಗಳಿಗೆಲ್ಲ ಅದೇ ಔಷಧ. ಸಾಬೂನು ನೀರಿಗೆ ಕರಗುತ್ತದೆ, ಪೆಟ್ರೋಲಿಗೆ ಸುಲಭವಾಗಿ ಕರಗುವುದಿಲ್ಲ. ಈಗ ಪಂಪಿನ ಪೆಟ್ರೋಲಿನಲ್ಲೂ ಸಾಬೂನು ಕರಗಿಸುವ ಸ್ಪಿರಿಟು ಕಲೆಸುವುದರಿಂದ ಆರು ತಿಂಗಳಿಗೊಮ್ಮೆ ಹೊಸದಾಗಿ ಮೆತ್ತಬೇಕು. ಆ ರೇಸಿನ ಪೆಟ್ರೋಲಿನಲ್ಲಿ ಸ್ಪಿರಿಟು ಇನ್ನೂ ಹೆಚ್ಚಿತ್ತು. ಒಂದು ದಿನದಲ್ಲಿ ಸಾಬೂನನ್ನು ತಿಂದು ಹಾಕಿತ್ತು.

"ಇಂಜಿನ್ನಿಂದು ಅಷ್ಟ ವಿಚಾರ ಮಾಡಿದ್ನಿ. ಸಾಬೂನು ನೆನಪ ಆಗಲಿಲ್ಲ, ವೈನಿ," ಎಂದ ಮುಜಫ್ಫರ. "ನಂದೂ ತಪ್ಪೈತಿ."

"ಒಂದ ತಪ್ಪು ಇದ್ರ ಹೇಳು," ಎಂದಳು ಸಾವಂತ್ರೆವ್ವ. ಪೆಟ್ರೋಲು ತಾಗಿದ ಸೀರೆಯ ಅಂಚನ್ನು ಬಾಟಲಿ ನೀರಿನಿಂದ ತೊಳೆದು ಹಿಂಡುತ್ತಿದ್ದಳು.

ಹುಲಿಗೆಪ್ಪ ಕಲ್ಲಿನ ಮೇಲೆ ಕೂತಿದ್ದ. ಬಸ್ಯಾನ ಹಣೆಯ ವಿಭೂತಿ ಇನ್ನೂ ಅಳಿಸಿರಲಿಲ್ಲ. "ಸಂಜಿಗೆ ಲಚ್ಚಪ್ಪ ಬರ್ತಾನ," ಎಂದ. ನಾವು ಇಷ್ಟು ವರ್ಷದಲ್ಲಿ ಅವನು ಸುಮ್ಮನೆ ಕೂತದ್ದನ್ನು ಕಂಡಿಲ್ಲ, ಮುಜಫ್ಫರ ಅಂದು ಕಂಡನಂತೆ.

ಮುಜಫ್ಫರ ಪೆಟ್ಟಿಗೆಯಿಂದ ಸಾಬೂನು ತೆಗೆದು ನಾದಿ ತೂತಿಗೆ ಮೆತ್ತಿದ. ಬಾಟಲಿಯಲ್ಲಿ ತಂದಿದ್ದ ಅರ್ಧ ಲೀಟರು ಸಾದಾ ಪೆಟ್ರೋಲು ಹಾಕಿದ. ಹುಲಿಗೆಪ್ಪ ಎದ್ದು ಕಿಕ್ ಹೊಡೆದ. ಐದನೆಯ ಕಿಕ್ಕಿಗೆ ಬಸ್ಯಾ ಎದ್ದಿತು. ಅವನು ಮೇಲೆ ಕೂತು, ಒಬ್ಬನೇ ಹೋಗಲು ಗೇರು ಹಾಕಿದ.

"ಇಳೀರಿ," ಎಂದಳು ಸಾವಂತ್ರೆವ್ವ.

"ಯಾಕ?"

"ಮಾತು ಏನಿತ್ತು? ಬಸ್ಯಾ ನನ್ನ ಕೂಡಿಸ್ಕೊಂಡು ಏರು ಹತ್ತಬೇಕು ಅಂತ. ನಿಮ್ಮನ್ನೂ ಕೂಡಿಸ್ಕೊಂಡು ಅಂತ ನಾ ಅಂದಿಲ್ಲ."

ಸಾವಂತ್ರೆವ್ವ ತವರಿನಲ್ಲಿದ್ದಾಗ ಅಣ್ಣನ ಬೈಕಿನ ಎರಡೂ ಕಡೆ ಕೊಡ ಕಟ್ಟಿ ಕೆರೆಯಿಂದ ನೀರು ತರುತ್ತಿದ್ದಳು. ಇದು ಹುಲಿಗೆಪ್ಪನಿಗೂ ಗೊತ್ತಿತ್ತು. ಆದರೆ ಮದುವೆಯಾದ ಮೇಲೆ ಆ ಮಾತು ಬಂದಾಗಲೆಲ್ಲ ಅವನು ಚಹಾ ಕೇಳುತ್ತಿದ್ದ. ಅದರ ಜೊತೆಗೆ ಇನ್ನೊಂದು ಸಂಗತಿ ಇತ್ತು. ಅದನ್ನು ಚಾಳಿನ ಯಾರೂ, ಮೆಕ್ಯಾನಿಕ್ ಕೂಡ, ಯೋಚಿಸಿರಲಿಲ್ಲ. ಸಾವಂತ್ರೆವ್ವ ನಲವತ್ತೈದು ಕಿಲೋ. ಹುಲಿಗೆಪ್ಪ ತೊಂಬತ್ತೆಂಟು. ಹದಿನಾಲ್ಕು ವರ್ಷ ಆ ಏರಿನ ಬುಡದಲ್ಲಿ ಭಾರ ಕಡಿಮೆ ಮಾಡಲೆಂದು ಹಗುರವಾದವಳೇ ಇಳಿಯುತ್ತಿದ್ದಳು.

ಅವನು ಮುಜಫ್ಫರನ ಮುಖ ನೋಡಿದ. ಮುಜಫ್ಫರ ಸಾಕ್ಷಿ ಹೇಳಬೇಕಾದವನು, "ಮಾತು ಹಂಗ ಇತ್ತು, ಅಣ್ಣಾ," ಎಂದ.

ಹುಲಿಗೆಪ್ಪ ಇಳಿದ. ಸಾವಂತ್ರೆವ್ವ ಬುಟ್ಟಿಯನ್ನು ಹಿಂದೆ ಬಿಗಿದು ಕಟ್ಟಿ, ಸೀರೆಯನ್ನು ಮೊಣಕಾಲಿನವರೆಗೆ ಕಚ್ಚೆಯ ಹಾಗೆ ಸಿಕ್ಕಿಸಿ ಕೂತಳು. ಗೇರು ಎಲ್ಲಿ ಬದಲಿಸಬೇಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿಂದೆ ಕೂತು ಗಂಡನ ಎಡಗಾಲನ್ನು ಅಷ್ಟು ವರ್ಷ ನೋಡಿದ್ದಳು. ಬಸ್ಯಾ ಒಮ್ಮೆ ಕೆಮ್ಮಿತು, ಆಮೇಲೆ ಕೆಮ್ಮಲಿಲ್ಲ. ಎರಡನೆಯ ಗೇರಿನಲ್ಲಿ, ಪಂಪಿನ ಪೆಟ್ರೋಲಿನ ಮೇಲೆ, ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು.

"ನನ್ನ ಸ್ಕೂಟರ್ ಮ್ಯಾಲೆ ಬಾ, ಅಣ್ಣಾ."

"ಬ್ಯಾಡ, ನಡಕೊಂತ ಬರ್ತೇನಿ," ಎಂದ ಹುಲಿಗೆಪ್ಪ. ಮುಜಫ್ಫರ ಇನ್ನೊಮ್ಮೆ ಕರೆಯಲಿಲ್ಲ. ಅವನ ಸ್ಕೂಟರೂ ಹಳೆಯದೇ.

ಹುಲಿಗೆಪ್ಪ ಮೂರು ಕಡೆ ನಿಂತು ಏದುಸಿರು ಬಿಟ್ಟು ಮೇಲೆ ಬಂದು ಮುಟ್ಟಿದ. ಶಿಲುಬೆಯ ಪಕ್ಕದ ಕಟ್ಟೆಯ ಮೇಲೆ ಸಾವಂತ್ರೆವ್ವ ಕಾಲು ಚಾಚಿ ಕೂತಿದ್ದಳು. ಬಸ್ಯಾ ನೆರಳಿನಲ್ಲಿ ನಿಂತಿತ್ತು.

"ಭಾಳ ಹೊತ್ತ ಮಾಡಿದ್ರಿ ನೋಡ್ರಿ," ಎಂದಳು.

ಸಂಜೆ ಲಚ್ಚಪ್ಪ ಕೈಗಾಡಿ ತಳ್ಳಿಕೊಂಡು ಬಂದ. ಸಾವಂತ್ರೆವ್ವ ಅವನಿಗೆ ಚಹಾ ಕುಡಿಸಿ ನೀಲಿ ಪೆಟ್ರೋಲಿನ ಖಾಲಿ ಡಬ್ಬಿ ಕೊಟ್ಟು ಕಳಿಸಿದಳು. ಅವಳ ಲೈಸೆನ್ಸು ಆಮೇಲೆ ಆಯಿತು, ಕೆಪೆಯ ಕಚೇರಿಯಲ್ಲಿ, ಮೊದಲ ಪರೀಕ್ಷೆಯಲ್ಲೇ. ಈಗ ಸಪಾಟು ದಾರಿಯಲ್ಲೂ ಅವಳೇ ಓಡಿಸುತ್ತಾಳೆ. ಹುಲಿಗೆಪ್ಪ ಹಿಂದೆ ಬುಟ್ಟಿ ಹಿಡಿದು ಕೂರುತ್ತಾನೆ, ಏರಿನ ಬುಡ ಬಂದಾಗ ಏನೂ ಹೇಳದೆ ಇಳಿಯುತ್ತಾನೆ. ದಿನಾ ನಡೆದು ಆರು ಕಿಲೋ ಇಳಿದಿದ್ದಾನೆ. ಆದರೆ ಬಸ್ಯಾ ಏರು ಹತ್ತುವುದಕ್ಕೆ ಕಾರಣ ಕೇಳಿದರೆ ಅವನು ಈಗಲೂ ಧ್ವನಿ ತಗ್ಗಿಸಿ ಹೇಳುವುದು ಇದನ್ನೇ:

"ಅವತ್ತ ಒಂದ ದಿನ ಹೊಟ್ಟ್ಯಾಗ ಇತ್ತಲ್ಲ ನೂರಹತ್ತು. ಅದರ ಗುಣ ಇನ್ನೂ ಐತಿ ಅದರಾಗ."