ದೇವರ ಗಾಡಿಯ ಹಿಂದೆ ಕಟ್ಟಿದ ಹಳೇ ಟ್ರೈಲರ್

ಚಿತ್ತಮ್ಮ ಮದುವೆಯಾಗಿ ಬಂದ ವರ್ಷದಿಂದ ಕುರಿಮಂದೆಯ ಹಿಂದೆ ನಡೆದವಳು. ಶಿವರಾತ್ರಿ ಕಳೆದರೆ ಧರ್ಮಪುರದ ಕಡೆ ಕುರಿಗೆ ಮೇವಿಲ್ಲ. ಮತ್ತೋಡಿನ ತೆಂಗಿನ ತೋಟಗಳಲ್ಲಿ ಮಂದೆ ನಿಲ್ಲಿಸಲು ಮನೆಮಂದಿಯೆಲ್ಲ ಹೊರಡಬೇಕು. ಮೂವತ್ತೆರಡು ವರ್ಷ ಗಂಡ ಮುದ್ದಪ್ಪ ಕೋಲು ಹಿಡಿದು ಮುಂದೆ ನಡೆದ, ಅವಳು ಗಂಟು ಹೊತ್ತು ಹಿಂದೆ ನಡೆದಳು. ಗಂಡನ ಬೆನ್ನಿನ ಬಗ್ಗೆ ಅವಳು ಹೊಸದಾಗಿ ತಿಳಿಯಬೇಕಾದ್ದೇನೂ ಉಳಿದಿರಲಿಲ್ಲ.

ಈ ವರ್ಷ ಮಗ ಹರೀಶನ ಟ್ರ್ಯಾಕ್ಟರ್‌ಗೆ ಒಂದು ಟ್ರೈಲರ್ ಕೊಂಡು, ಮೇಲೆ ತಗಡು ಹೊದಿಸಿ, ಅದರಲ್ಲೇ ಉಣ್ಣುತ್ತ ಮಲಗುತ್ತ ಹೋಗುವುದೆಂದು ತೀರ್ಮಾನವಾಯಿತು. ಚಿತ್ತಮ್ಮ ಒಪ್ಪಿದ್ದು ಒಂದೇ ಕಾರಣಕ್ಕೆ. ಸೊಸೆ ರೇಣುಕಾ ಹೆತ್ತು ತಿಂಗಳಾಗಿತ್ತು. ಹಸುಗೂಸನ್ನು ಎತ್ತಿಕೊಂಡು ಆ ಬಿಸಿಲಲ್ಲಿ ನಡೆಯಲಾರಳು. ಎಲ್ಲರೂ ಹೊರಟ ಮೇಲೆ ಹಟ್ಟಿಯಲ್ಲಿ ಅವಳನ್ನು ನೋಡುವವರೂ ಇಲ್ಲ.

ಹಿರಿಯೂರಿನಲ್ಲಿ ವೆಲ್ಡಿಂಗ್ ಅಂಗಡಿಯ ಹಜರತ್ ಅಲಿ ಎರಡು ಟ್ರೈಲರ್ ತೋರಿಸಿದ. ಒಂದು ಹೊಚ್ಚ ಹೊಸದು, ತಳವೂ ಗೋಡೆಯೂ ಕಬ್ಬಿಣದ ಶೀಟು, ಬಣ್ಣ ಇನ್ನೂ ಕೈಗಂಟುವಷ್ಟು ಹಸಿ. ಇನ್ನೊಂದು ಹಳೆಯದು, ಮರದ ಹಲಗೆಯ ತಳದ್ದು.

ಮುದ್ದಪ್ಪ ಹೊಸದರ ಟೈರಿಗೆ ಒದ್ದು ನೋಡಿದ. ಟೈರಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಒದೆಯುವುದೊಂದೇ. ಆಮೇಲೆ ಹಿಂಬಾಗಿಲಿಗೆ ಗೇಣು ಹಾಕಿ ಅಳೆದ. ಒಳಗೆ ಎಷ್ಟು ಜನ ಮಲಗಬಹುದೆಂದಲ್ಲ, ಹೊರಗೆ ಹೆಸರು ಎಷ್ಟು ದೊಡ್ಡದಾಗಿ ಬರೆಸಬಹುದೆಂದು.

ಚಿತ್ತಮ್ಮ ಹಳೆಯದನ್ನು ಹತ್ತಿ ಹಲಗೆಯ ಮೇಲೆ ಕಾಲು ಚಾಚಿ ಕೂತು ನೋಡಿದಳು. "ಸಾಬ್ರೇ, ಇದು ಏನೇನು ಹೊತ್ತೈತೆ?"

"ಇಟ್ಟಿಗೆ, ತಿಪ್ಪೆಗೊಬ್ಬರ, ಒಂದ್ಸಲ ಸತ್ತ ಎಮ್ಮೆ. ಎಲೆಕ್ಷನ್ ಜನಾನೂ ಹೊತ್ತೈತೆ ಅಮ್ಮಾ."

"ಅಂಗಾರೆ ಮೈಲಿಗೆ ಆಗಾಕೆ ಇದ್ರಾಗೆ ಇನ್ನೇನೂ ಉಳಿದಿಲ್ಲ. ಇದೇ ಇರ್ಲಿ."

"ಸತ್ತ ಎಮ್ಮೆ ಹೊತ್ತಿದ್ರಾಗೆ ನಾನು ಕುಂತ್ಕಂಡು ಹೋಗ್ಲಾ?" ಮುದ್ದಪ್ಪ ಸಿಡಿದ. "ಮಂದಿ ಏನಂದಾರು?"

"ಆಗ ಸತ್ತಿದ್ದು ಹೊತ್ತಿತ್ತು, ಈಗ ಬದುಕಿದ್ದು ಹೊತ್ತೈತೆ ಅಂದಾರು."

ಬಂದದ್ದು ಹೊಸದೇ. ಹಟ್ಟಿಯಲ್ಲಿ ಪೂಜೆಯಾಯಿತು, ಚಕ್ರಕ್ಕೆ ನಿಂಬೆಹಣ್ಣು, ಕೊಂಡಿಗೆ ಭಂಡಾರ. ಹಿಂಬಾಗಿಲ ಮೇಲೆ ದೇವರ ಹೆಸರು, ಅದರ ಕೆಳಗೆ ಮುದ್ದಪ್ಪನ ಹೆಸರು, ದೇವರಿಗಿಂತ ನಾಲ್ಕು ಬೆರಳು ದೊಡ್ಡದು. ಪೂಜಾರಿ ಚಿಕ್ಕತಿಮ್ಮಪ್ಪ ಕರ್ಪೂರ ಬೆಳಗಿ, "ಇನ್ನು ಇದು ದೇವರ ಗಾಡಿ. ಮುಟ್ಟಾದೋರು, ಬಾಣಂತೀರು ಹತ್ತಂಗಿಲ್ಲ" ಎಂದ. ಮುದ್ದಪ್ಪ ಹೆಮ್ಮೆಯಿಂದ ತಲೆಯಾಡಿಸಿದ. ಗಾಡಿ ತಂದದ್ದು ಯಾರಿಗಾಗಿ ಎಂಬುದು ಅವನಿಗೆ ಮರೆತೇ ಹೋಗಿತ್ತು.

ಚಿತ್ತಮ್ಮ ಸೋಮವಾರ ತಪ್ಪದೆ ದೀಪ ಹಚ್ಚುವವಳು. ದೇವರ ಮೇಲಿನ ನಂಬಿಕೆ ಗಟ್ಟಿಯಾಗಿದ್ದುದರಿಂದಲೇ, ದೇವರ ಹೆಸರಲ್ಲಿ ಗಂಡಸರು ಆಡುವ ಮಾತನ್ನು ಅವಳು ಜರಡಿ ಹಿಡಿಯುತ್ತಿದ್ದಳು. ಅಂದೇ, ಹಳೇ ಟ್ರೈಲರ್ ಕೊಟ್ಟರೆ, ತವರಿನಿಂದ ಬಂದ ತನ್ನ ಕುರಿಗಳಲ್ಲಿ ಎರಡು ಒಳ್ಳೇ ಟಗರು ಬಕ್ರೀದಿಗೆ ನಿಮಗೇ ಎಂದು ಹಜರತ್ ಅಲಿಗೆ ಹೇಳಿ ಕಳಿಸಿದಳು.

ಮಂದೆಯನ್ನು ಮೈದುನ ಸಣ್ಣಪ್ಪ ಹಿಂದಿನ ದಿನವೇ ಹೊಡೆದುಕೊಂಡು ಹೋಗಿದ್ದ. ಹೊರಡುವ ಬೆಳಿಗ್ಗೆ ಮುದ್ದಪ್ಪ, ಹಟ್ಟಿಯಲ್ಲಿ ಆಗತಾನೇ ಈದ ಕುರಿಯೊಂದನ್ನು ಮರಿಸಮೇತ ಎತ್ತಿ ದೇವರ ಗಾಡಿಯಲ್ಲಿ ಮಲಗಿಸಿದ. ಈದ ಕುರಿಯನ್ನು ನಡೆಸುವುದು ಅವರಲ್ಲಿ ಪಾಪ. ರೇಣುಕಾ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರ ನಿಂತಿದ್ದಳು.

"ಅದು ಬಾಣಂತಿ ಅಲ್ವಾ?" ಚಿತ್ತಮ್ಮ ಕುರಿಯನ್ನು ತೋರಿಸಿದಳು.

"ಕುರಿಗೆಂಥ ಮೈಲಿಗೆ?"

"ಪುಣ್ಯ ಮಾಡೈತೆ ಬಿಡ್ರಿ. ನಿಮ್ ಸೊಸೇನೂ ಕುರಿಯಾಗಿ ಹುಟ್ಟಿದ್ರೆ ಕುಂತ್ಕಂಬೋದಿತ್ತು."

ಅಷ್ಟರಲ್ಲಿ ಹಜರತ್ ಅಲಿ, ಮೇಲೆ ತೆಂಗಿನ ಗರಿ ಹೊದಿಸಿದ ಹಳೇ ಟ್ರೈಲರ್ ಎಳೆಸಿಕೊಂಡು ಬಂದ. "ಹಿಂದಕ್ಕೆ ಕಟ್ಟಲೇ ಹರೀಶ" ಎಂದಳು ಚಿತ್ತಮ್ಮ.

ಮುದ್ದಪ್ಪ ಅಡ್ಡ ಬಂದ. "ಇದ್ರಾಗೆ ಬಾಣಂತಿ ಕುಂತ್ರೆ, ಮೈಲಿಗೆ ದೇವರ ಗಾಡಿಗೆ ಬರಲ್ವಾ?"

"ನಡುವೆ ಇರೋ ಕೊಂಡಿ ಕಬ್ಬಿಣದ್ದು ಯಜಮಾನ್ರೇ," ಅಲಿ ಕೈ ಒರೆಸಿಕೊಂಡ. "ಕಬ್ಬಿಣಕ್ಕೆ ಮೈಲಿಗೆ ಹತ್ತಲ್ಲ."

"ಅದು ಖರೇ," ಮುದ್ದಪ್ಪ ಒಪ್ಪಿದ. "ಬಾಣಂತಿ ತಲೆದೆಸೆಗೆ ಕುಡುಗೋಲು ಇಡ್ತಾರಲ್ಲ. ಕಬ್ಬಿಣಕ್ಕೆಲ್ಲೈತೆ ಮೈಲಿಗೆ?"

"ಮತ್ತೆ ನಿಮ್ ಹೊಸ ಗಾಡಿ ಯಾತರದು?" ಚಿತ್ತಮ್ಮ ಕೇಳಿದಳು. "ಬಂಗಾರದ್ದಾ?"

ಹರೀಶ ಮುಖ ಆಚೆ ತಿರುಗಿಸಿದ. ಮುದ್ದಪ್ಪ ಹೆಗಲ ಟವೆಲ್ ಕೊಡವಿ ಮತ್ತೆ ಹೆಗಲಿಗೇ ಹಾಕಿಕೊಂಡ. "ಎಲ್ಲಾದ್ರೂ ಹತ್ಲಿ ಬಿಡು. ಹೊತ್ತಾತು."

ಬಿಸಿಲೇರಿ ತಗಡು, ಶೀಟು ಎಲ್ಲ ಕಾದಿದ್ದವು. ರೇಣುಕಾ ಮೆಲ್ಲಗೆ ಬಂದು ಹೊಸ ಗಾಡಿಯ ತಳ ಮುಟ್ಟಿ ಕೈ ಹಿಂದೆಳೆದಳು. "ಹಂಚು ಕಾದಂಗೈತತ್ತೆ. ಇದ್ರಾಗೆ ಕೂಸು ರೊಟ್ಟಿ ಆಗ್ತೈತೆ." ಅವಳು ಹಲಗೆಯ ಗಾಡಿ ಹತ್ತಿದಳು. ಹಿಂದೆಯೇ ಪಾತ್ರೆ, ಗಂಟು, ಈದ ಕುರಿ ಎಲ್ಲ ಅಲ್ಲಿಗೇ ಹೋದವು. ದೇವರ ಗಾಡಿಯಲ್ಲಿ ಮುದ್ದಪ್ಪನೊಬ್ಬನೇ ಸರಳು ಹಿಡಿದು ನಿಂತ. ಕೂರಲು ಆಗುತ್ತಿರಲಿಲ್ಲ.

ಆದಿವಾಲದ ಹತ್ತಿರ ಹರೀಶನಿಗೆ ಕೂಗಿ ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು ಹಿಂದಕ್ಕೆ ಬಂದ. "ಒಸಿ ಸರ್ಕಳ್ರಿ."

"ಸತ್ತ ಎಮ್ಮೆ ಹೊತ್ತಿದ್ದು ಐತ್ರೀ ಇದು," ಎಂದಳು ಚಿತ್ತಮ್ಮ, ಸರಿದು ಜಾಗ ಬಿಡುತ್ತ.

ಮುದ್ದಪ್ಪ ಎರಡು ಬಾಣಂತಿಯರ ನಡುವೆ ಮುದುರಿ ಕೂತ. ಎದುರಿಗೆ, ಖಾಲಿ ಗಾಡಿಯ ಹಿಂಬಾಗಿಲ ಮೇಲೆ, ಅವನ ಹೆಸರು ದಾರಿಯುದ್ದಕ್ಕೂ ಕುಣಿಯುತ್ತ ಹೋಯಿತು.